ಮೂಡಲ ಕಡೆಯ ಖೋಲಿ

ಇಳಕಲ್ಲ
೧೨ ಫೆಬ್ರುವರಿ ೨೦೨೪

ಮಾಳಣ್ಣನಿಗೆ,

ಕ್ಷೇಮ ಕೇಳುವ ಮನಸ್ಸಿಲ್ಲ, ಅದಕ್ಕೆ ಕೇಳುವುದಿಲ್ಲ. ಫೋನು ಮಾಡಿದರೆ ನನ್ನ ಒಂದು ಮಾತು ಮುಗಿಯುವುದರೊಳಗೆ ನಿನ್ನ ಹತ್ತು ಮಾತು ಆಗಿರುತ್ತವೆ, ಕಡೆಗೆ ನೀನೇ ಕಟ್ ಮಾಡುತ್ತೀ. ಕಾಗದಕ್ಕೆ ಅಡ್ಡಬಾಯಿ ಹಾಕಲು ನಿನಗೆ ಆಗುವುದಿಲ್ಲ. ನಮ್ಮ ಗುಡೂರ ಬಸ್ಸಿನ ಕಂಡಕ್ಟರ್ ನಬಿಸಾಬನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಉತ್ತರವನ್ನೂ ಅವನ ಕೈಯಲ್ಲೇ ಕಳಿಸು.

ಸಂಕ್ರಾಂತಿ ಮುಗಿದ ಮೇಲೆ ನೀನು ಏನು ಹೇಳಿದ್ದೆ, ನೆನಪಿದೆಯೇ? "ಮನಿ ರಿಪೇರಿ ಹಿಡದೇನಿ. ಧೂಳಾಗ ನಿನಗ ಕೆಮ್ಮ ಬರತೈತಿ. ಕೆಲಸ ಮುಗಿಯೂತನಕ ಇಳಕಲ್ಲದಾಗ ನಿನ್ನ ಗೆಳತಿ ಮನ್ಯಾಗ ಇರು, ನಿನ್ನ ಖೋಲಿಗಿ ಬಣ್ಣಾ ಹೊಡಿಸಿ ಕರಸ್ತೇನಿ" ಅಂದೆ. ನಾನು ನಂಬಿದೆ. ಗ್ರಾನೈಟ್ ಫ್ಯಾಕ್ಟರಿಯ ಆಫೀಸಿಗೆ ದಿನಾ ಗುಡೂರಿನಿಂದ ಓಡಾಡುತ್ತಿದ್ದವಳು, ನಾಲ್ಕು ಸೀರೆ ಚೀಲಕ್ಕೆ ತುಂಬಿಕೊಂಡು ವರದಾಳ ಮನೆಗೆ ಬಂದೆ. ಯಾವ ಬಣ್ಣ ಬೇಕು ಎಂದು ಸಹ ಕೇಳಿದ್ದೆ ನೀನು. ತಿಳಿ ಹಸಿರು ಅಂದಿದ್ದೆ. ಎಂಥ ಹುಚ್ಚಿ ನಾನು.

ನಿನ್ನೆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಬಿಸಾಬ ಸಿಕ್ಕ. "ಅಕ್ಕಾರ, ನಿಮ್ಮ ಖೋಲಿ ಕೆಡವಿದ ಮ್ಯಾಲ ಮನಿ ಭಾಳ ಬೆಳಕಾಗೇತಿ ನೋಡ್ರಿ. ಓಣ್ಯಾಗ ನಿಂತ್ರ ಹಿತ್ತಲದಾಗಿನ ಬೇವಿನ ಗಿಡ ಕಾಣತೈತಿ" ಅಂದ. ನನಗೆ ಗೊತ್ತೇ ಇದೆ ಎಂದು ತಿಳಿದು ಅಂದ, ಪಾಪ. ನಾನು ಚೀಲ ಹಿಡಿದುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಆ ಖೋಲಿ ಯಾರದು ಎಂದು ನಾನು ಬರೆದು ತಿಳಿಸಬೇಕೇನು? ಹುನಗುಂದದ ಗಂಡನ ಮನೆ ಬಿಟ್ಟು ನಾನು ಬಂದ ದಿನ ಅಪ್ಪ ಅಲ್ಲಿದ್ದ ಜೋಳದ ಚೀಲ, ಉಣ್ಣೆಯ ಗಂಟು ಎಲ್ಲ ಹೊರಗೆ ಹಾಕಿಸಿದ. ತಾನೇ ಕಸ ಹೊಡೆದ. "ಇದು ನಿಂದು. ಯಾವಾಗ ಹೋಗ್ತೀ ಅಂತ ಯಾರೂ ಕೇಳೂದಿಲ್ಲ" ಅಂದ. ನೀನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಅಪ್ಪ ಸತ್ತ ಮೇಲೆ ಆ ಮಾತೂ ಸತ್ತಿತೇ?

ಒಂದೇ ಪ್ರಶ್ನೆ, ಒಂದೇ ಮಾತಿನಲ್ಲಿ ಹೇಳು. ಆ ಮನೆಯಲ್ಲಿ ನನಗೆ ಖೋಲಿ ಇದೆಯೋ ಇಲ್ಲವೋ?

ನಿನ್ನ ತಂಗಿ ಎಂದು ಇನ್ನೂ ಬರೆಯಬೇಕಾಗಿರುವ,
ಜಯಶ್ರೀ


ಗುಡೂರು
೨೦ ಫೆಬ್ರುವರಿ ೨೦೨೪

ಇಳಕಲ್ಲದ ದೊಡ್ಡ ಆಫೀಸಿನ ಜಯಶ್ರೀಬಾಯಿಯವರಿಗೆ,

ನಿನ್ನ ಕಾಗದ ಬಂದಾಗ ನಾನು ಸಾಲಿಯ ಹಿಂದಿನ ಕರೆಂಟಿನ ಕಂಬದ ಮೇಲೆ ಲೈನು ರಿಪೇರಿ ಮಾಡುತ್ತಿದ್ದೆ. ನಬಿಸಾಬ ಕೆಳಗೆ ನಿಂತು, "ಲೇ ಮಾಳ್ಯಾ, ನಿನ್ನ ತಂಗಿ ಕಾಗದ ಬಂದೈತಿ. ತಂತೀಗಿಂತ ಇದಕ್ಕ ಹುಷಾರಲೇ" ಎಂದು ಕೂಗಿದ. ಲಕೋಟೆಗೆ ಅಂಟು ಹಚ್ಚುವ ಬುದ್ಧಿಯೂ ಇಲ್ಲವೇ ನಿನಗೆ? ಈಗ ಬಸ್ಸಿನಲ್ಲಿ ಕೂತವರಿಗೆಲ್ಲ ನಮ್ಮ ಮನೆಯ ಸುದ್ದಿ ಬಾಯಿಪಾಠ.

ಒಂದೇ ಮಾತಿನಲ್ಲಿ ಹೇಳು ಅಂತೀ. ಮನೆ ಕಟ್ಟಿಸಿ ನೋಡು, ಒಂದೇ ಮಾತಿನಲ್ಲಿ ಮುಗಿಯುವ ಕೆಲಸ ಅದರಲ್ಲಿ ಯಾವುದೂ ಇಲ್ಲ. ಬಣ್ಣ ಹೊಡೆಸಬೇಕು ಅಂತಲೇ ಗೌಂಡಿ ಲಾಡಸಾಬನನ್ನು ಕರೆಸಿದೆ. ಅವನು ಗೋಡೆಗೆ ಒಂದು ಗುದ್ದು ಹಾಕಿದ, ಹಿಡಿ ಮಣ್ಣು ಉದುರಿತು. "ಇದನ್ನ ಇಟ್ರ ಮಳಿಗಾಲದಾಗ ಮಾಳಗಿ ಮೈಮ್ಯಾಲ ಬರತೈತಿ" ಅಂದ. ಕೆಡವಿದ ಮೇಲೆ ನೋಡಿದರೆ ಅಡಿಗೆಮನೆ ದೊಡ್ಡದು ಮಾಡಲು ಒಳ್ಳೆಯ ಜಾಗ. ನಿನ್ನ ಅತ್ತಿಗೆ ಲಲಿತಾ ಇಷ್ಟು ವರ್ಷ ಕತ್ತಲಲ್ಲಿ ಕೂತು ಹೊಗೆ ಕುಡಿದಿದ್ದಾಳೆ. ಅವಳು ಮನುಷ್ಯಳಲ್ಲವೇ?

ನೀನೇನು ಬೀದಿಗೆ ಬಿದ್ದಿಲ್ಲ. ಪಡಸಾಲೆ ಈಗ ಹಾಲ್ ಆಗುತ್ತದೆ. ಗೋಡೆಗೆ ದೊಡ್ಡ ಟಿ.ವಿ., ಅದರ ಎದುರಿಗೆ ದಿವಾನ. ನೀನು ಅವ್ವ ಇಬ್ಬರೂ ಅಲ್ಲಿ ಮಲಗಬಹುದು, ಫ್ಯಾನೂ ಇರುತ್ತದೆ. ಆ ಹಳೆಯ ಖೋಲಿಯಲ್ಲಿ ಫ್ಯಾನು ಎಲ್ಲಿತ್ತು? ಇನ್ನು ಮನಸ್ಸಿನಲ್ಲಿ ಪಾಲು ಕೇಳುವುದು ಇದ್ದರೆ ಖೋಲಿ ಗೀಲಿ ಎಂದು ಸುತ್ತಿ ಬಳಸಿ ಬರೆಯಬೇಡ. ನೇರ ವಕೀಲನ ಕಡೆಯಿಂದ ಬರೆಸು, ನಾನೂ ನೋಡಿಕೊಳ್ಳುತ್ತೇನೆ.

ಮತ್ತೊಂದು ಮಾತು. ಅಡಿಗೆಕಟ್ಟೆಗೆ ಕೆಂಪು ಗ್ರಾನೈಟ್ ಬೇಕು. ನಿಮ್ಮ ಫ್ಯಾಕ್ಟರಿಯಲ್ಲಿ ಗೆರೆ ಇಲ್ಲದ ಒಳ್ಳೆಯ ಹಲಗೆ ನೋಡಿ ತೆಗೆದಿಡು, ಟೆಂಪೋ ಕಳಿಸುತ್ತೇನೆ.

ನಿನ್ನ ಅಣ್ಣ,
ಮಾಳಿಂಗರಾಯ


ಇಳಕಲ್ಲ
೨೬ ಫೆಬ್ರುವರಿ ೨೦೨೪

ಮಾಳಣ್ಣನಿಗೆ,

ನನ್ನ ಖೋಲಿ ಕೆಡವಿದ ಜಾಗದಲ್ಲಿ ಹಾಸಲು ಕಲ್ಲು ನಾನೇ ಆರಿಸಿಕೊಡಬೇಕು. ಇದನ್ನು ಓದಿ ಹೇಳಿದಾಗ ವರದಾಳಿಗೆ ಚಹಾ ನೆತ್ತಿಗೇರಿತು. ಅವಳು ಹೈಸ್ಕೂಲು ಟೀಚರು, ಎಂಥೆಂಥ ಹುಡುಗರನ್ನು ನೋಡಿದವಳು. "ನಿಮ್ಮಣ್ಣನಂಥಾ ಗಟ್ಟಿ ಮಾರಿ ನಾ ಎಲ್ಲೂ ನೋಡಿಲ್ಲ ಬಿಡ" ಅಂದಳು. ಕಲ್ಲು ಕೊಡುವುದಿಲ್ಲ. ಬೇಕಾದರೆ ಬಾದಾಮಿಯ ಗುಡ್ಡದಿಂದ ಹೊತ್ತುಕೊಂಡು ಬಾ.

ದಿವಾನದ ಮೇಲೆ ಯಾರು ಮಲಗುತ್ತಾರೆ ಗೊತ್ತೇನು? ಬೀಗರು ಮಲಗುತ್ತಾರೆ. ಎರಡು ದಿನ ಇದ್ದು ಹೋಗುವವರು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹಾಸಿಗೆ ಸುತ್ತಿಡಬೇಕಾದವರು. ನನ್ನ ಸೀರೆ ಎಲ್ಲಿ ಇಡಲಿ, ಟಿ.ವಿ.ಯ ಕೆಳಗೆ ಇಡಲೇ? ಜ್ವರ ಬಂದರೆ ನಿನ್ನ ಡೊಳ್ಳಿನ ಮೇಳದ ಮಂದಿಯ ಮುಂದೆ ಹೊದ್ದುಕೊಂಡು ಮಲಗಲೇ? ಒಂದು ದಿನ ಯಾರ ಮುಖವೂ ನೋಡುವುದು ಬೇಡ ಅನ್ನಿಸಿದರೆ ಎಲ್ಲಿ ಹೋಗಲಿ? ನನಗೆ ಪಾಲು ಬೇಡ, ಹೊಲ ಬೇಡ. ಬಾಗಿಲು ಮುಚ್ಚಿಕೊಂಡು ಕೂರುವಷ್ಟು ಜಾಗ ಬೇಕು. ಆಫೀಸು ಬಿಟ್ಟ ಮೇಲೆ ಹೋಗಲು ಒಂದು ಜಾಗ ಬೇಕು. ಈಗ ಸಂಜೆಯಾದರೆ ಹೆದರಿಕೆಯಾಗುತ್ತದೆ. ವರದಾ ಒಳ್ಳೆಯವಳು, ಆದರೆ ಅವಳ ಅತ್ತೆ ಒಗೆದ ಬಟ್ಟೆ ಮಡಚುವಾಗ ನನ್ನ ಸೀರೆ ಬಂದರೆ ಒಂದು ಗಳಿಗೆ ಕೈಯಲ್ಲಿ ಹಿಡಿದು ನಿಲ್ಲುತ್ತಾಳೆ.

ಯುಗಾದಿ ಆದ ಮೇಲೆ ಶಿರೂರಿನ ಬೀರಪ್ಪನ ಗುಡಿಯ ಮುಂದೆ ಡೊಳ್ಳಿನ ಹಾಡಿಕೆ ಇದೆ. ನಿನ್ನ ಮೇಳಕ್ಕೂ ನಮ್ಮ ಹೆಣ್ಣುಮಕ್ಕಳ ಮೇಳಕ್ಕೂ ವೀಳ್ಯ ಬಂದಿದೆ. ಹರದೇಶಿಯವನು ಗಂಡು ಹೆಚ್ಚು ಅಂತ ಹಾಡಬೇಕು, ನಾಗೇಶಿಯವಳು ಹೆಣ್ಣು ಹೆಚ್ಚು ಅಂತ ಹಾಡಬೇಕು ಎಂದು ಅಪ್ಪ ನಮ್ಮಿಬ್ಬರನ್ನೂ ಎದುರಾಬದುರಾ ಕೂರಿಸಿ ಕಲಿಸಿದ. ಅಲ್ಲಿ ಸವಾಲು ಹಾಕಿದರೆ ಉತ್ತರ ಕೊಡದೆ ಎದ್ದು ಹೋಗಲು ಬರುವುದಿಲ್ಲ. ಮನೆಯಲ್ಲಿ ಕೊಡದ ಉತ್ತರ ಅಲ್ಲಿ ಕೊಡು.

ಜಯಶ್ರೀ


ಗುಡೂರು
೧೧ ಮಾರ್ಚ್ ೨೦೨೪

ಜಯಶ್ರೀ ಅವರಿಗೆ,

ಲಲಿತಾ ಬರೆಯುವುದು. ನಿಮ್ಮಿಬ್ಬರ ಕಾಗದಗಳನ್ನು ನಾನೂ ಓದಿದ್ದೇನೆ. ಬಂದದ್ದನ್ನೂ ಕಳಿಸಬೇಕಾದದ್ದನ್ನೂ ಇವರು ಟಿ.ವಿ.ಯ ಮೇಲೆ ಬಿಟ್ಟು ಹೋಗುತ್ತಾರೆ.

ಖೋಲಿ ಕೆಡವಿಸಿರಿ ಅಂದದ್ದು ನಾನು. ಗೋಡೆ ಬೀಳುತ್ತಿತ್ತು ಎನ್ನುವುದು ಅರ್ಧ ಖರೆ. ಉಳಿದರ್ಧ ನಾನು. ನಿಮ್ಮ ಅಣ್ಣನ ಮೇಲೆ ಹಾಕಬೇಡಿರಿ, ಅಷ್ಟು ಧೈರ್ಯ ಅವರಿಗೆ ಇಲ್ಲ.

ನೀವಿಬ್ಬರೂ ಹಾಡುವವರು. ಊರೂರು ತಿರುಗಿ ಹಾಡಿ ಬರುತ್ತೀರಿ, ಮಂದಿ ಶಾಬಾಸ್ ಅನ್ನುತ್ತಾರೆ. ಹಾಡು ಮುಗಿದ ಮೇಲೆ ಮನೆಗೆ ಬರುವ ಮೇಳದವರಿಗೆಲ್ಲ ರೊಟ್ಟಿ ಬಡಿಯುವವಳು ನಾನು. ಕೂತು ಬಡಿದು ಬಡಿದು ಸೊಂಟ ಹೋಗಿದೆ. ಹೊಗೆಗೆ ಕಣ್ಣು ಹೋಗುವುದೊಂದು ಬಾಕಿ ಇತ್ತು. ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ಸಂಜೆಯ ಅರ್ಧ ತಾಸಿನ ಧಾರಾವಾಹಿ, ಅದೂ ಇವರ ತಾಲೀಮು ಇಲ್ಲದ ದಿನ. ನಿಮಗೆ ಬಾಗಿಲು ಮುಚ್ಚಿಕೊಂಡು ಕೂರಲು ಖೋಲಿ ಬೇಕು. ನನಗೆ ನಿಂತು ಅಡಿಗೆ ಮಾಡಲು ಒಂದು ಕಿಟಕಿ ಬೇಕಿತ್ತು. ನೀವು ಬಂದ ದಿನ ಮಾವನವರು ನಿಮಗೆ ಖೋಲಿ ಕೊಟ್ಟರು. ನಾನು ಬಂದ ದಿನ ಒಲೆ ತೋರಿಸಿದರು.

ನಿಮ್ಮ ಸೀರೆ, ಪುಸ್ತಕ, ತಾಳ ಎಲ್ಲ ಟ್ರಂಕಿನಲ್ಲಿ ಇಟ್ಟು ಬೀಗ ಹಾಕಿದ್ದೇನೆ. ಒಂದೂ ಕಳೆದಿಲ್ಲ. ಅಷ್ಟು ಕೆಟ್ಟವಳಲ್ಲ. ಅವ್ವ ಮಾತ್ರ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಅದಕ್ಕೂ ನೀವೇ ಕಾರಣ.

ಲಲಿತಾ


ಗುಡೂರು
೧೮ ಏಪ್ರಿಲ್ ೨೦೨೪

ಸೋತವರಿಗೆ,

ಹೇಗಿದೆ ಗಂಟಲು? ಶಿರೂರಿನಿಂದ ಬಂದ ಮೇಲೆ ನನ್ನದು ಇನ್ನೂ ಬಿಟ್ಟಿಲ್ಲ. ಆದರೂ ಬರೆಯದೆ ಇರಲಾಗಲಿಲ್ಲ. ಇಂಥ ಹಾಡಿಕೆ ಅಪ್ಪನ ಕಾಲದಲ್ಲೂ ಆಗಿರಲಿಲ್ಲ ಎಂದು ಊರೆಲ್ಲ ಆಡುತ್ತಿದೆ.

ನಿನ್ನ ಸವಾಲಿಗೆ ನನಗೆ ಮೈ ಉರಿಯಿತು, ಒಪ್ಪುತ್ತೇನೆ. ಅಷ್ಟು ಮಂದಿಯ ಮುಂದೆ, ಮಟಮಟ ಮಧ್ಯಾಹ್ನ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಹಾಡಿದೆ:

"ಅರ್ಧ ಮೈಯ ಕೊಟ್ಟ ಶಿವನ ಹೊಗಳತಿ ಹಾಡಿ ಹಾಡಿ
ಕೂಡಾಕ ಮೂಲಿ ಕೇಳಿದರ ಯಾಕ ಕೆಡವತಿ ಗ್ವಾಡಿ"

ಹೆಣ್ಣುಮಕ್ಕಳು ಕುಲುಕುಲು ನಕ್ಕರು. ಲಾಡಸಾಬನೂ ನಕ್ಕ, ಗೋಡೆ ಕೆಡವಿದ ಮಗ. ನನ್ನ ಹಿಂದೆ ಡೊಳ್ಳು ಹೊಡೆಯುವ ಹಣಮಪ್ಪ ತೊಡೆಗೆ ಚಿವುಟಿ, "ಹಾಡಲೇ, ಮಾನ ಹೋಗತೈತಿ" ಅಂದ. ಡೊಳ್ಳು ಒಂದು ಸುತ್ತು ಬರಿದೇ ಹೋಯಿತು. ಆಮೇಲೆ ಎಲ್ಲಿಂದ ಬಂತೋ, ನಮ್ಮೂರಿನಿಂದ ಜೊತೆಗೆ ಬಂದಿದ್ದ ಅಮಸಿದ್ದಪ್ಪ ಪೂಜಾರಿಯ ತಾಟಿನಿಂದ ಭಂಡಾರ ತೆಗೆದು ಹಣೆಗೆ ಬಡಿದುಕೊಂಡು, ಒಂದು ಚಿಟಿಕೆ ಅರಿಷಿಣ ನಿನ್ನ ಕಡೆಗೂ ತೂರಿ ಎತ್ತಿದೆ ನೋಡು:

"ಬೆನ್ನ ಹಿಂದ ಹುಟ್ಟಿದಾಕಿನ ಬೀದಿಗಿ ಬಿಡುವವ ನಾನಲ್ಲ
ಮೂಡಲ ಕಡಿಯ ಖೋಲಿ ಆಕಿಗಿ, ಬೀರಪ್ಪನ ಆಣಿ, ಸುಳ್ಳಲ್ಲ"

ಮಂದಿ ಎದ್ದು ನಿಂತಿತು. ಶಿಳ್ಳೆ ಏನು, ಚಪ್ಪಾಳೆ ಏನು. ಹಿರಿಯರು ನನಗೆ ರುಮಾಲು ಸುತ್ತಿದರು. ನಿನಗೆ ಎದುರು ಪದ ಹುಟ್ಟಲಿಲ್ಲ. ಬಾಯಿ ತೆರೆದುಕೊಂಡು ನಿಂತಿದ್ದೆ, ನಾನು ನೋಡಿದೆ. ಮುಂದಿನ ಸಲ ಸವಾಲು ಹಾಕುವಾಗ ಉತ್ತರ ಬಂದರೆ ಏನು ಮಾಡಬೇಕು ಎನ್ನುವುದನ್ನೂ ಯೋಚಿಸಿಕೊಂಡು ಬಾ.

ಗೆದ್ದವನು,
ಮಾಳಿಂಗರಾಯ


ಇಳಕಲ್ಲ
೨೨ ಏಪ್ರಿಲ್ ೨೦೨೪

ಗೆದ್ದವನಿಗೆ,

ಶಾಬಾಸ್. ಈಗ ಕಟ್ಟು.

ಎದುರು ಪದ ಹುಟ್ಟದೆ ನಾನು ಸುಮ್ಮನೆ ನಿಂತೆ ಎಂದು ತಿಳಿದಿದ್ದೀಯಾ? ನಾಲಿಗೆಯ ತುದಿಯಲ್ಲಿ ಎರಡು ಪದ ಇದ್ದವು. ಹಾಡಿದ್ದರೆ ರುಮಾಲು ಯಾರ ತಲೆಗೆ ಬೀಳುತ್ತಿತ್ತು ಎಂದು ಹಣಮಪ್ಪನನ್ನು ಕೇಳು. ಆದರೆ ನೀನು ಭಂಡಾರ ಹಚ್ಚಿಕೊಂಡು ಬೀರಪ್ಪನ ಆಣೆ ಇಟ್ಟೆ. ಅದರ ಮೇಲೆ ನಾನು ಮತ್ತೊಂದು ಪದ ಹಾಡಿದರೆ ಆಣೆ ಹಿಂದೆ ಸರಿದು ಹಾಡು ಮುಂದೆ ಬರುತ್ತಿತ್ತು. ಅದಕ್ಕೆ ಬಾಯಿ ಮುಚ್ಚಿದೆ. ನಮ್ಮ ಮೇಳದವರು ಇವತ್ತಿಗೂ ನನ್ನನ್ನು ಬೈಯುತ್ತಿದ್ದಾರೆ.

ಮೂಡಲ ಕಡೆಯ ಖೋಲಿ, ನಿನ್ನ ಬಾಯಿಯ ಮಾತು. ಯಾವಾಗ ಬುನಾದಿ ತೋಡಿಸುತ್ತೀ ಬರೆ.

ಜಯಶ್ರೀ


ಗುಡೂರು
೩ ಮೇ ೨೦೨೪

ಜಯವ್ವಾ,

ನಿನಗೆ ತಲೆ ನೆಟ್ಟಗಿದೆಯೇ? ಹಾಡಿನಲ್ಲಿ ನಾನು ಏಳು ಸಮುದ್ರ ಕುಡಿದಿದ್ದೇನೆ. ಹುಲಿಯ ಹಾಲು ಹಿಂಡಿ ಬೀರಪ್ಪನಿಗೆ ಎಡೆ ಹಿಡಿದಿದ್ದೇನೆ. ಹೋದ ವರ್ಷ ಕಮತಗಿಯಲ್ಲಿ ಸೂರ್ಯನನ್ನು ಕಂಬಳಿಯಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಂಡೆ, ನೀನೇ ಎದುರಿಗೆ ಕೂತಿದ್ದೆ. ಅದಕ್ಕೂ ಬಂದು ಕಂಬಳಿ ಬಿಚ್ಚಿ ತೋರಿಸು ಅಂತೀಯೇನು?

ಹಾಡಿನ ಮಾತು ಹಾಡಿಗೆ. ಗೆಲ್ಲಲು ಬಂದದ್ದನ್ನು ಹಾಡುತ್ತೇವೆ. ಅಪ್ಪ ಕಲಿಸಿದ್ದೂ ಅದನ್ನೇ. ಅಡಿಗೆಮನೆ ಮುಗಿದಿದೆ, ನೆಲಕ್ಕೆ ಟೈಲ್ಸ್ ಬಿದ್ದಿದೆ, ಕಟ್ಟೆಗೆ ಬೇರೆ ಕಡೆಯಿಂದ ಕಲ್ಲು ತರಿಸಿದೆ. ಈಗ ನಿನ್ನ ಒಂದು ಪದಕ್ಕಾಗಿ ಮತ್ತೆ ಸಿಮೆಂಟು ಕಲಸುವುದಿಲ್ಲ. ದಿನವೆಲ್ಲ ಬಿಸಿಲಲ್ಲಿ ಕಂಬ ಹತ್ತಿ ಇಳಿದು ಬಂದವನಿಗೆ ಹಾಲ್‌ನಲ್ಲಿ ಕಾಲು ಚಾಚಿ ಕೂತು ಟಿ.ವಿ. ನೋಡುವ ಸುಖವನ್ನಾದರೂ ಬಿಡು.

ಹಾಡಿನಲ್ಲಿ ಕೊಟ್ಟ ಖೋಲಿ, ಹಾಡಿನಲ್ಲೇ ವಾಸ ಮಾಡು.

ಮಾಳಿಂಗರಾಯ


ಗುಡೂರು
೨೫ ಮೇ ೨೦೨೪

ಜಯಶ್ರೀಗೆ,

ಇದು ನಿನ್ನದೇ ಕೆಲಸ. ಸುಳ್ಳು ಹೇಳಬೇಡ.

ನಿನ್ನೆ ಕಮತಗಿಗೆ ಹಾಡಿಕೆಗೆ ಹೊರಟಿದ್ದೆವು. ಡೊಳ್ಳು ಟೆಂಪೋಕ್ಕೆ ಏರಿಸಿ ಆಗಿತ್ತು. ಎಲ್ಲರೂ ಬಿಳಿ ಧೋತರ ಉಟ್ಟು, ಕಂಬಳಿ ಹೆಗಲಿಗೆ ಹಾಕಿಕೊಂಡು ನಮ್ಮೂರ ಗುಡಿಗೆ ಭಂಡಾರ ಹಚ್ಚಿಸಿಕೊಳ್ಳಲು ಹೋದೆವು. ಅಮಸಿದ್ದಪ್ಪ ಎಲ್ಲರ ಹಣೆಗೂ ಹಚ್ಚಿದ, ನನ್ನ ಹತ್ತಿರ ಬಂದು ತಾಟು ಹಿಂದಕ್ಕೆ ಎಳೆದುಕೊಂಡ.

"ಯಾಕ್ರೀ ಮುತ್ಯಾ?" ಅಂದೆ.

"ಭಂಡಾರ ಹಚ್ಚಿಕೊಂಡ ಖೋಲಿ ಕೊಟ್ಟಿ. ಅದು 'ಹಾಡಿನ ಮಾತು' ಅಂತ ಊರಾಗ ಹೇಳಕೋತ ತಿರಗಾಕತ್ತಿಯಂತ. ಅದು ಸುಳ್ಳಾದ್ರ ಬೀರಪ್ಪನ ಮ್ಯಾಲ ನೀ ಹಾಡಿದ್ದೆಲ್ಲಾನೂ ಸುಳ್ಳ ಆಗತೈತಿ. ಸುಳ್ಳ ಹಾಡವಗ ನಾ ಹ್ಯಾಂಗ ಹಚ್ಚಲಿ? ಮೊದಲ ಖೋಲಿ ಆಗಲಿ" ಅಂದ. ಸಿಟ್ಟಿನಿಂದಲೂ ಅನ್ನಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ.

ಹತ್ತಿದ ಡೊಳ್ಳು ಟೆಂಪೋದಿಂದ ಇಳಿಯಿತು. ಹಣಮಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಹಾಡದೆ ಇದ್ದರೆ ನನಗೆ ಏನು ಉಳಿಯಿತು ಹೇಳು. ಬೆಳಿಗ್ಗೆ ಕಂಬ, ಸಂಜೆ ಟಿ.ವಿ. ಇಷ್ಟೇನಾ? ಇದನ್ನೇ ಬಯಸಿದ್ದೆಯಲ್ಲ, ಆಯಿತಲ್ಲ. ಹೊಟ್ಟೆ ತಣ್ಣಗಾಯಿತೇ?

ಮಾಳಿಂಗರಾಯ


ಇಳಕಲ್ಲ
೨೯ ಮೇ ೨೦೨೪

ಮಾಳಣ್ಣನಿಗೆ,

ಅಮಸಿದ್ದಪ್ಪನಿಗೆ ನಾನು ಏನೂ ಹೇಳಿಲ್ಲ. ಹೇಳಬಹುದು ಅಂತ ಹೊಳೆಯಲಿಲ್ಲ. ಹೊಳೆದಿದ್ದರೆ ಅವತ್ತೇ ಹೋಗಿ ಹೇಳುತ್ತಿದ್ದೆ.

ಹಾಡಿಲ್ಲದೆ ನಿನಗೆ ಏನು ಉಳಿಯಿತು ಎಂದು ಕೇಳಿದ್ದೀ. ಖೋಲಿ ಇಲ್ಲದೆ ನನಗೆ ಏನು ಉಳಿಯಿತು ಎಂದು ಈ ನಾಲ್ಕು ತಿಂಗಳಲ್ಲಿ ಒಂದು ಸಲ ಕೇಳಿದೆಯಾ? ಹೊಟ್ಟೆ ತಣ್ಣಗಾಗಿದೆ. ಬರೆಯುವುದಕ್ಕೆ ನಾಚಿಕೆ ಇಲ್ಲ.

ಜಯಶ್ರೀ


ಗುಡೂರು
೨ ಜುಲೈ ೨೦೨೪

ಜಯಶ್ರೀಬಾಯಿಯವರ ಸನ್ನಿಧಿಗೆ,

ನಿಮ್ಮ ಖೋಲಿ ಸಿದ್ಧವಾಗಿದೆ. ಕೀಲಿಕೈ ನಬಿಸಾಬನ ಹತ್ತಿರ ಕಳಿಸಿದ್ದೇನೆ.

ಅಡಿಗೆಮನೆಯ ಆಚೆ, ಹಿತ್ತಲದಲ್ಲಿ, ಹೊಸ ಹಾಲ್‌ಗೆ ಹತ್ತಿಕೊಂಡು ಕಟ್ಟಿಸಿದ್ದೇನೆ. ಮೂಡಲ ಕಡೆಯೇ. ಅಮಸಿದ್ದಪ್ಪ ಬಂದು ಒಳಗೆ ನಿಂತು ನಾಲ್ಕೂ ಗೋಡೆ ನೋಡಿದ, "ಖೋಲಿ ಐತಿ" ಅಂದ, ಭಂಡಾರ ಹಚ್ಚಿದ. ನಿನ್ನ ಸಾಲ ಹರಿಯಿತು ಅಂತ ತಿಳಿ. ತಿಳಿ ಹಸಿರು ಬಣ್ಣವನ್ನೂ ಹೊಡೆಸಿದ್ದೇನೆ, ನಾಳೆ ಅದಕ್ಕೊಂದು ಕಾಗದ ಬರುವುದು ಬೇಡ ಅಂತ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆಯೊಳಗಿನಿಂದ ನಿನ್ನ ಖೋಲಿಗೆ ಬಾಗಿಲು ಇಲ್ಲ. ನಡುವೆ ಗಟ್ಟಿ ಗೋಡೆ. ಬಾಗಿಲು ಹಿಂದಿನ ಓಣಿಗೆ ಇಟ್ಟಿದ್ದೇನೆ. ಹಳೆ ಬಾಗಲಕೋಟೆಯಲ್ಲಿ ಮುಳುಗಡೆಗೆ ಬಿಚ್ಚಿದ ಮನೆಯದೊಂದು ಸಾಗವಾನಿ ಕದ ಸಿಕ್ಕಿತು, ಆನೆ ಗುದ್ದಿದರೂ ಮುರಿಯುವುದಿಲ್ಲ. ಲಾಡಸಾಬ, "ಒಳಗಿಂದ ಬಾಗಲಾ ಬ್ಯಾಡೇನ್ರಿ?" ಎಂದು ಎರಡು ಸಲ ಕೇಳಿದ. ಬೇಡ ಅಂದೆ. ಖೋಲಿ ಕೊಡುತ್ತೇನೆ ಅಂತ ಹಾಡಿದ್ದೆ, ಬಾಗಿಲು ಯಾವ ಕಡೆ ಅಂತ ಹಾಡಿರಲಿಲ್ಲ. ಬೇಕಾದರೆ ಹೋಗಿ ಅಮಸಿದ್ದಪ್ಪನನ್ನು ಕೇಳು.

ಬಾ. ಊರ ಮಂದಿಯ ಹಾಗೆ ಓಣಿ ಸುತ್ತಿ ಬಾ. ನಮ್ಮ ಪಡಸಾಲೆ ತುಳಿಯುವ ತ್ರಾಸು ನಿನಗೆ ಇನ್ನಿಲ್ಲ.

ಮಾತು ಉಳಿಸಿಕೊಂಡ,
ಮಾಳಿಂಗರಾಯ


ಗುಡೂರು, ಹಿಂದಿನ ಓಣಿ
೧೨ ಆಗಸ್ಟ್ ೨೦೨೪

ಗೋಡೆಯ ಆಚೆಯವರಿಗೆ,

ಇದನ್ನು ಅವ್ವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಬಿಸಾಬನಿಗೆ ಇನ್ನು ಈ ಕೆಲಸ ಬೇಡ.

ಬಂದ ದಿನ ಬಾಗಿಲು ತೆಗೆದು ಒಳಗೆ ಕೂತೆ. ಆ ಗೋಡೆ ನೋಡಿದೆ. ನೀನು ಎಷ್ಟು ಹಟದಿಂದ ಕಟ್ಟಿಸಿದ್ದೀ ಎಂದು ಗಿಲಾವು ನೋಡಿದರೇ ತಿಳಿಯುತ್ತದೆ, ಒಂದು ಸೂಜಿ ಹೋಗುವಷ್ಟು ಸಂದಿಲ್ಲ. ಅಳು ಬರುತ್ತದೆ ಅಂತ ಕಾದೆ. ಬರಲಿಲ್ಲ. ಎದ್ದು ಕಸ ಹೊಡೆದೆ, ಟ್ರಂಕು ತಂದು ಬಿಚ್ಚಿದೆ, ಚಹಾ ಮಾಡಿಕೊಂಡು ಕುಡಿದೆ.

ಇಷ್ಟು ವರ್ಷ ಆಫೀಸಿನಿಂದ ಬಂದರೆ ಪಡಸಾಲೆ ದಾಟಿಯೇ ನನ್ನ ಖೋಲಿಗೆ ಹೋಗಬೇಕಿತ್ತು. ನಿನ್ನ ಮೇಳದವರು ಸಾಲಾಗಿ ಕೂತಿರುತ್ತಿದ್ದರು. ಒಬ್ಬ "ಯಾಕವಾ ತಡಾ?" ಅನ್ನುವವ, ಇನ್ನೊಬ್ಬ "ಹುನಗುಂದದ ಸುದ್ದಿ ಏನರೆ ಬಂತೇನ?" ಅನ್ನುವವ. ತಲೆ ತಗ್ಗಿಸಿ ದಾಟಿ ದಾಟಿ ಕತ್ತು ಬಾಗಿತ್ತು. ಈಗ ಕೀಲಿ ತೆಗೆದರೆ ನನ್ನ ಮನೆ. ಯಾರನ್ನೂ ದಾಟಬೇಕಾಗಿಲ್ಲ. ನೀನು ನನ್ನನ್ನು ಹೊರಗೆ ಹಾಕಬೇಕು ಅಂತ ಇಟ್ಟ ಬಾಗಿಲು ನನಗೆ ಬೇಕಾದದ್ದೇ ಆಗಿತ್ತು. ನಾನೇ ಕೇಳಿದ್ದರೆ ನೀನು ಕೊಡುತ್ತಿರಲಿಲ್ಲ.

ಪಂಚಮಿಗೆ ಅಣ್ಣ ಬಂದು ತಂಗಿಯನ್ನು ಕರೆಯುವುದು ಪದ್ಧತಿ. ಗೋಡೆಯ ಆಚೆ ಇದ್ದ ಅಣ್ಣ ಬರಲಿಲ್ಲ. ಅವ್ವ ಬಂದಳು, ಶೇಂಗಾ ಉಂಡಿಯ ಡಬ್ಬಿ ಒಂದು ಬಗಲಲ್ಲಿ, ಕಂಬಳಿ ಇನ್ನೊಂದು ಬಗಲಲ್ಲಿ. "ಅಲ್ಲೆ ಟೈಲ್ಸ್ ಮ್ಯಾಲ ಕಾಲ ನಿಲ್ಲೂದಿಲ್ಲ, ಟಿ.ವಿ. ಬಾಯಿ ಮುಚ್ಚೂದಿಲ್ಲ. ನಾ ಇಲ್ಲೇ ಮಲಗ್ತೇನಿ" ಅಂದಳು. ನಾನು ಕರೆದಿರಲಿಲ್ಲ. ಬಾಗಿಲಿಗೆ ಒಳಗಿಂದ ಚಿಲಕ ಹಾಕಿದ್ದೂ ಅವಳೇ.

ಗೋಡೆ ಇದ್ದಂತೆ ಇರಲಿ ಎಂದು ತಿಳಿಸಲು ಬರೆದೆ.

ಜಯಶ್ರೀ


ಗುಡೂರು, ಮುಂದಿನ ಓಣಿ
೨೯ ಆಗಸ್ಟ್ ೨೦೨೪

ಜಯವ್ವಾ,

ಅವ್ವ ಈ ಕಾಗದ ಹಿಡಿದುಕೊಂಡು ಈಗ ಓಣಿ ಸುತ್ತುತ್ತಿದ್ದಾಳೆ. ದಿನಕ್ಕೆ ಎಷ್ಟು ಸಲ ಸುತ್ತುತ್ತಾಳೆ ಎಂದು ನಿನಗೂ ಗೊತ್ತು. ಸ್ನಾನಕ್ಕೆ ಇಲ್ಲಿ, ನಿದ್ದೆಗೆ ಅಲ್ಲಿ, ಮತ್ತೆ ಎಲೆಅಡಿಕೆ ಚೀಲ ಮರೆತೆ ಅಂತ ಇಲ್ಲಿ. ಕಟ್ಟೆಯ ಮೇಲೆ ಕೂತ ಮುದುಕಿಯರು ಒಂದೇ ಸಮ ಕೇಳುತ್ತಾರೆ: "ಯಾಕ ಬೋರವ್ವಾ, ಮಗಾ ಹೊರಗ ಹಾಕ್ಯಾನೇನ?" ಇವಳು ನೇರ ಉತ್ತರ ಕೊಡಬೇಕೋ ಬೇಡವೋ? "ಇಲ್ಲವಾ, ನಾನ ಬಿಟ್ಟ ಬಂದೇನಿ" ಅನ್ನುತ್ತಾಳೆ. ನಾನು ಕಂಬ ಹತ್ತಿದರೆ ಕೆಳಗೆ ನಿಂತವರು ನನ್ನನ್ನು ನೋಡುವ ರೀತಿಯೇ ಬೇರೆಯಾಗಿದೆ.

ಲಲಿತಾ ನಿನ್ನೆ ಮಳೆಯಲ್ಲಿ ಅವ್ವನ ಊಟದ ತಾಟು ಹಿಡಿದು ಸುತ್ತಿ ಬಂದಳಲ್ಲ, ಮನೆಗೆ ಬಂದವಳೇ ಛತ್ರಿ ಮೂಲೆಗೆ ಒಗೆದಳು. "ಗ್ವಾಡಿ ಕಟ್ಟಿಸಿದವರು ನೀವು, ತಾಟ ಹೊತ್ತ ತಿರಗಾಕಿ ನಾ. ನಾಳಿಂದ ನೀವ ಒಯ್ರಿ" ಅಂದಳು. ನಿನ್ನ ಮೇಲೆ ಅವಳಿಗೆ ಮೊದಲಿನ ಸಿಟ್ಟು ಇಲ್ಲ. ಈಗ ಎಲ್ಲ ನನ್ನ ಮೇಲೆ.

ಇನ್ನೂ ಒಂದು ಇದೆ. ಸಂಜೆ ನೀವಿಬ್ಬರೂ ಅಪ್ಪನ ಪದ ಹಾಡುತ್ತೀರಿ. ಗೋಡೆ ಗಟ್ಟಿಯಿದ್ದರೂ ಕೇಳಿಸುತ್ತದೆ. ಎರಡನೆಯ ನುಡಿ ನೀನು ತಪ್ಪು ಹಾಡುತ್ತೀ. ಅಲ್ಲಿ ದನಿ ಇಳಿಸಬಾರದು, ಎತ್ತಬೇಕು. ಎಷ್ಟು ದಿನದಿಂದ ಕೇಳುತ್ತಿದ್ದೇನೆ. ಮೊನ್ನೆ ಟಿ.ವಿ. ಆರಿಸಿ ಗೋಡೆಗೆ ಬಾಯಿ ಹಚ್ಚಿ, "ಎತ್ತಿ ಹಾಡಲೇ" ಎಂದು ಕೂಗಿದೆ. ನಿಮಗೆ ಕೇಳಿಸಲಿಲ್ಲವೋ, ಕೇಳಿಸಿದರೂ ಸುಮ್ಮನಿದ್ದಿರೋ. ಹಾಲ್‌ನಲ್ಲಿ ದಿವಾನದ ಮೇಲೆ ನಾನೊಬ್ಬನೇ ಕೂತಿರುತ್ತೇನೆ. ಹೊಟ್ಟೆ ಉರಿಯುತ್ತದೆ. ಬರೆದುಬಿಟ್ಟೆ, ಇನ್ನು ಅಳಿಸುವುದಿಲ್ಲ.

ನಡುಗೋಡೆಗೆ ಒಂದು ಬಾಗಿಲು ಇಡಿಸುತ್ತೇನೆ. ಲಾಡಸಾಬ ಬರುತ್ತೇನೆ ಅಂದಿದ್ದಾನೆ. ತಪ್ಪಾಯಿತು ಗಿಪ್ಪಾಯಿತು ಅಂತ ನಾನು ಬರೆಯುವುದಿಲ್ಲ, ನೀನೂ ಕಾಯಬೇಡ. ಒಂದು ಬಾಗಿಲು, ಅಷ್ಟೇ. ಹೂಂ ಅನ್ನು.

ಮಾಳಣ್ಣ


ಗುಡೂರು, ಹಿಂದಿನ ಓಣಿ
೩೦ ಆಗಸ್ಟ್ ೨೦೨೪

ಮಾಳಣ್ಣನಿಗೆ,

ಎರಡನೆಯ ನುಡಿ ತಪ್ಪು ಹಾಡುತ್ತಿರುವುದು ನನಗೆ ಗೊತ್ತಿದೆ. ನೀನು ಆ ಕಡೆ ಕೂತಲ್ಲಿ ಕೂರಲಾಗದೆ ಒದ್ದಾಡಬೇಕು ಅಂತಲೇ ಹಾಗೆ ಹಾಡುತ್ತೇನೆ. ಮೊನ್ನೆ ಕೂಗಿದ್ದು ಕೇಳಿಸಿತ್ತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಬಾಗಿಲು ಇಡಿಸು. ಅವ್ವ ಬೇಕಾದಾಗ ಬರಲಿ, ಹೋಗಲಿ. ಲಲಿತಾ ತಾಟು ಹಿಡಿದು ಆ ಕಡೆಯಿಂದಲೇ ಬರಲಿ, ಬಂದರೆ ಒಂದು ಗಳಿಗೆ ಕೂತು ಹೋಗಲಿ. ನೀನು ಬರುವುದಾದರೆ ಬಾಗಿಲು ಬಡಿ, ನಾನು ಏಳುವವರೆಗೆ ನಿಲ್ಲು. ಕೆಲವು ದಿನ ಏಳುತ್ತೇನೆ, ಕೆಲವು ದಿನ ಏಳುವುದಿಲ್ಲ.

ಲಾಡಸಾಬನಿಗೆ ಸರಿಯಾಗಿ ಹೇಳು. ನಿನ್ನ ಕಡೆ ಚಿಲಕ ಬೇಡ, ಕೊಂಡಿಯೂ ಬೇಡ. ಚಿಲಕ ನನ್ನ ಕಡೆಗೆ ಇರಲಿ.

ಜಯಶ್ರೀ